ವರ್ಚಸ್ಸು, ಕಳೆ, ಗತ್ತು, ತೇಜಸ್ಸು: ಯಾವುದು ಎಲ್ಲಿ ಸಲ್ಲುತ್ತದೆ?

(ಇದು ಹಲವರು ಸೇರಿ ನಡೆಸಿದ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಉಪಶೀರ್ಷಿಕೆ

ಸಿನಿಮಾ ಮತ್ತು ಸರಣಿಗಳಿಗೆ ಕನ್ನಡ ಅಡಿಬರಹ ಬರೆಯುವವರಿಗೆ ಮತ್ತೆ ಮತ್ತೆ ಎದುರಾಗುವ ತೊಡಕು ಇದು. ಇಂಗ್ಲಿಷಿನ ‘ಆರಾ’, ‘ಕರಿಸ್ಮಾ’, ‘ಪ್ರೆಸೆನ್ಸ್’ ಮೂರಕ್ಕೂ ‘ವರ್ಚಸ್ಸು’ ಎಂದೇ ಹಾಕುವ ರೂಢಿ ಬೆಳೆದಿದೆ. ಈ ಮೂರು ಸಂದರ್ಭ ನೋಡಿ:

ಅ) ಗದ್ದಲದ ಮನೆ. ಹಿರಿಯಜ್ಜಿ ಬಾಗಿಲಲ್ಲಿ ಬಂದು ನಿಂತದ್ದೇ ತಡ, ಎಲ್ಲರ ಮಾತೂ ನಿಂತಿತು. ಯಾರೋ ಪಿಸುಗುಟ್ಟುತ್ತಾರೆ, ‘ಎಂಥಾ ಪ್ರೆಸೆನ್ಸ್!’

ಆ) ಚುನಾವಣೆಯಲ್ಲಿ ಸೋತ ಮುಖಂಡ. ಆದರೂ ಪಕ್ಷದವರು ಅವನ ಹೆಸರು ಹೇಳಿಯೇ ಮತ ಕೇಳುತ್ತಾರೆ. ಸಂಭಾಷಣೆಯಲ್ಲಿ ‘ಕರಿಸ್ಮಾ’ ಬರುತ್ತದೆ.

ಇ) ಕಾಲೇಜು ಹುಡುಗರು ಗೆಳೆಯನೊಬ್ಬನ ನಡಿಗೆ ನೋಡಿ ‘ಅವನ ಆರಾ ನೋಡೋ’ ಅನ್ನುತ್ತಾರೆ.

ಮೂರಕ್ಕೂ ಒಂದೇ ಪದ ನಡೆಯುತ್ತದೆಯೇ? ಇಲ್ಲವಾದರೆ ಯಾವುದಕ್ಕೆ ಯಾವುದು, ಯಾಕೆ? ಅಡಿಬರಹಕ್ಕೆ ಸಿಗುವುದು ಹೆಚ್ಚೆಂದರೆ ಎರಡು ಸಾಲು, ವಿವರಿಸಲು ಜಾಗವಿಲ್ಲ.

ಕರಡುತಿದ್ದು

ನಡೆಯುವುದಿಲ್ಲ. ಅರ್ಥ ಹುಡುಕಿ ನಿಘಂಟು ತೆರೆಯುವ ಮೊದಲು ಆ ಪದದ ಜೊತೆ ಯಾವ ಕ್ರಿಯಾಪದ ಬರುತ್ತದೆ ನೋಡಿ. ಈ ಗುಂಪಿನ ಪದಗಳು ನಿಘಂಟಿನಲ್ಲಿ ಒಂದಕ್ಕೊಂದು ಅರ್ಥವಾಗಿ ನಿಂತಿರುತ್ತವೆ, ‘ತೇಜಸ್ಸು: ಕಾಂತಿ, ವರ್ಚಸ್ಸು’, ‘ವರ್ಚಸ್ಸು: ಕಾಂತಿ, ತೇಜಸ್ಸು’ ಎಂಬಂತೆ. ಬಳಕೆಯಲ್ಲಿ ಮಾತ್ರ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಪ್ರಭಾವವನ್ನು ಬೀರುತ್ತಾರೆ. ವರ್ಚಸ್ಸನ್ನು ಬೀರುವುದಿಲ್ಲ, ಅದು ಇರುತ್ತದೆ, ಹೆಚ್ಚುತ್ತದೆ, ಕುಗ್ಗುತ್ತದೆ, ಅದಕ್ಕೆ ಧಕ್ಕೆ ಬರುತ್ತದೆ. ಗತ್ತನ್ನು ತೋರಿಸಬಹುದು, ವರ್ಚಸ್ಸನ್ನು ತೋರಿಸಲಾಗದು. ಕಳೆ ಬರುತ್ತದೆ, ಏರುತ್ತದೆ, ಕುಂದುತ್ತದೆ. ‘ಕಳೆಗೆ ಧಕ್ಕೆ’ ಎಂದು ಯಾರೂ ಅನ್ನುವುದಿಲ್ಲ. ಛಾಪನ್ನು ಮೂಡಿಸುತ್ತಾರೆ. ಹವಾ ಏಳುತ್ತದೆ, ಇಳಿಯುತ್ತದೆ. ‘ತಮ್ಮ ಭಾಷಣದಿಂದ ವರ್ಚಸ್ಸು ಬೀರಿದರು’ ಎಂಬ ವಾಕ್ಯ ಕರಡಿನಲ್ಲಿ ಬಂದರೆ ‘ಪ್ರಭಾವ ಬೀರಿದರು’ ಎಂದು ತಿದ್ದಬೇಕು. ಹಾಗೆ ತಿದ್ದಿದರೆ ಅರ್ಥವೂ ಬದಲಾಗುತ್ತದೆ ಎಂಬುದು ನೆನಪಿರಲಿ. ಬರೆದವರು ಹೇಳಹೊರಟದ್ದು ‘ಭಾಷಣದಿಂದ ಅವರ ವರ್ಚಸ್ಸು ಹೆಚ್ಚಿತು’ ಎಂದೂ ಇರಬಹುದು, ಕೇಳಿ ತಿಳಿದು ತಿದ್ದಿ.

ಎರಡನೆಯ ಪರೀಕ್ಷೆ: ಅದು ನೆಲೆಸಿರುವುದು ಎಲ್ಲಿ? ಕಳೆ ಮುಖದಲ್ಲಿದೆ. ಗತ್ತು ನಡೆಯಲ್ಲಿ, ದನಿಯಲ್ಲಿ, ಕೂರುವ ಭಂಗಿಯಲ್ಲಿದೆ. ವರ್ಚಸ್ಸು ಇರುವುದು ನೋಡುವವರ ಮನಸ್ಸಿನಲ್ಲಿ. ನಿದ್ದೆಹೋದ ಮಗುವಿನ ಮುಖದಲ್ಲಿ ಕಳೆ ಇರಬಹುದು, ವರ್ಚಸ್ಸು ಇರಲಾರದು. ವರ್ಚಸ್ಸಿಗೆ ಒಂದು ಸಮುದಾಯ ಬೇಕು, ಆ ಸಮುದಾಯದಲ್ಲಿ ಒಂದಿಷ್ಟು ಕಾಲ ಬಾಳಿರಬೇಕು. ಹಾಗಾಗಿ ‘ಮೊದಲ ನೋಟಕ್ಕೇ ಅವನ ವರ್ಚಸ್ಸಿಗೆ ಮರುಳಾದಳು’ ಎಂಬುದು ಕಿವಿಗೆ ಒಗ್ಗುವುದಿಲ್ಲ. ಅಲ್ಲಿ ಬೇಕಾದದ್ದು ರೂಪ, ಠೀವಿ, ಅಥವಾ ಬರೀ ‘ಸೆಳೆತ’.

ನಿಮ್ಮ (ಆ) ಮಾತ್ರ ವರ್ಚಸ್ಸಿನ ಜಾಗ. ‘ಸೋತರೂ ಅವರ ವರ್ಚಸ್ಸು ಕುಗ್ಗಿಲ್ಲ.’

ಶಬ್ದಮೂಲ

ಕರಡುತಿದ್ದು ಅವರು ಮೇಲೆ ಹೇಳಿದ ‘ಸಮುದಾಯ ಬೇಕು’ ಎಂಬ ಮಾತಿಗೆ ಹಳೆಯ ಆಧಾರವೇ ಇದೆ. ಋಗ್ವೇದದ ಹತ್ತನೆಯ ಮಂಡಲದ 128ನೆಯ ಸೂಕ್ತ ಶುರುವಾಗುವುದು ‘ಮಮಾಗ್ನೇ ವರ್ಚೋ ವಿಹವೇಷ್ವಸ್ತು’ ಎಂದು. ‘ವಿಹವ’ ಎಂದರೆ ಎರಡು ಪಕ್ಷಗಳು ಪೈಪೋಟಿಯಲ್ಲಿ ಒಂದೇ ದೇವತೆಯನ್ನು ಕರೆಯುವುದು. ಆ ಪೈಪೋಟಿಯಲ್ಲಿ ವರ್ಚಸ್ಸು ನನ್ನದಾಗಲಿ ಎಂಬ ಬೇಡಿಕೆ. ಹೊಳಪು ಎಂಬ ಧಾತ್ವರ್ಥ (‘ವರ್ಚ ದೀಪ್ತೌ’) ಇದ್ದರೂ ಪ್ರಯೋಗದಲ್ಲಿ ಎದುರಾಳಿಯೊಬ್ಬ ಆಗಲೇ ಇದ್ದಾನೆ. ಅಥರ್ವವೇದದ ಮೂರನೆಯ ಕಾಂಡದಲ್ಲಿ ‘ಹಸ್ತಿವರ್ಚಸ’, ಆನೆಗಿರುವ ವರ್ಚಸ್ಸು, ಹಬ್ಬಲಿ ಎಂದು ಪ್ರಾರ್ಥನೆ ಇದೆ. ಆನೆಯ ಮೈ ಹೊಳೆಯುವುದಿಲ್ಲ. ಅದು ಬಂದರೆ ಉಳಿದ ಪ್ರಾಣಿಗಳು ದಾರಿ ಬಿಡುತ್ತವೆ. ರಾಜಕೀಯ ವರದಿಯಲ್ಲಿ ಇವತ್ತು ನಾವು ಬಳಸುವ ಅರ್ಥ ಪತ್ರಿಕೆಗಳು ಹುಟ್ಟುಹಾಕಿದ್ದಲ್ಲ ಎಂದು ಹೇಳಲು ಇಷ್ಟು ಸಾಕು.

ಇನ್ನು ರೂಪದ ವಿಚಾರ, ತಪ್ಪು ಹೆಚ್ಚಾಗುವುದು ಇಲ್ಲೇ.

ಸಂಸ್ಕೃತದ ಸಕಾರಾಂತ ಪದಗಳು ಕನ್ನಡಕ್ಕೆ ಎರಡು ದಾರಿಯಲ್ಲಿ ಬಂದಿವೆ. ಕೊನೆಯ ಸಕಾರ ಬಿದ್ದುಹೋದದ್ದು ಒಂದು: ಮನ, ತೇಜ, ಯಶ, ತಪ. ಸಕಾರ ಇಮ್ಮಡಿಸಿ ಉಕಾರ ಸೇರಿದ್ದು ಇನ್ನೊಂದು: ಮನಸ್ಸು, ತೇಜಸ್ಸು, ಯಶಸ್ಸು, ತಪಸ್ಸು. ವರ್ಚಸ್ಸಿಗೆ ಎರಡನೆಯ ದಾರಿ ಮಾತ್ರ ಉಳಿದಿದೆ, ‘ವರ್ಚ’ ಎಂದು ಇಂದಿನ ಕನ್ನಡದಲ್ಲಿ ಯಾರೂ ಬರೆಯುವುದಿಲ್ಲ. ಆದ್ದರಿಂದ ವಿಭಕ್ತಿಯಲ್ಲೂ ಒತ್ತಕ್ಷರ ಬಿಡಬಾರದು: ವರ್ಚಸ್ಸನ್ನು, ವರ್ಚಸ್ಸಿನಿಂದ, ವರ್ಚಸ್ಸಿಗೆ, ವರ್ಚಸ್ಸಿನ. ‘ವರ್ಚಸಿಗೆ’ ತಪ್ಪು. ಮಹಾಪ್ರಾಣ ಹಾಕಿ ‘ವರ್ಛಸ್ಸು’ ಬರೆಯುವುದೂ ತಪ್ಪು.

ವಿಶೇಷಣ ‘ವರ್ಚಸ್ವಿ’. ಅಸ್-ಅಂತ ಪದಗಳಿಗೂ ಮಾಯಾ, ಮೇಧಾ, ಸ್ರಜ್ ಎಂಬ ಮೂರಕ್ಕೂ ‘ವಿನಿ’ ಪ್ರತ್ಯಯ ಬರುತ್ತದೆ ಎಂದು ಪಾಣಿನಿಯ ಸೂತ್ರವೇ ಇದೆ (5.2.121). ಯಶಸ್ವಿ, ತೇಜಸ್ವಿ, ಓಜಸ್ವಿ, ಮಾಯಾವಿ, ಮೇಧಾವಿ ಎಲ್ಲ ಒಂದೇ ಅಚ್ಚು. ಆದರೂ ಕನ್ನಡದಲ್ಲಿ ‘ಯಶಸ್ವಿಯಾದರು’ ಎನ್ನುತ್ತೇವೆ, ‘ವರ್ಚಸ್ವಿಯಾದರು’ ಎನ್ನುವುದಿಲ್ಲ. ‘ವರ್ಚಸ್ವಿ ನಾಯಕ’ ಅಥವಾ ‘ವರ್ಚಸ್ಸುಳ್ಳ ನಾಯಕ’ ಎಂದು ನಾಮಪದಕ್ಕೆ ಹಚ್ಚಿಯೇ ಬಳಸಬೇಕು.

ಸಮಾಸದಲ್ಲಿ ಸಂಸ್ಕೃತದ ನಿಯಮದಂತೆ ‘ವರ್ಚೋಹಾನಿ’, ‘ವರ್ಚೋವೃದ್ಧಿ’ ಆಗಬೇಕು, ತಪೋಬಲ, ಮನೋಬಲದ ಹಾಗೆ. ಓದುಗರಿಗೆ ಅದು ಅಪರಿಚಿತ. ‘ವರ್ಚಸ್ಸುವೃದ್ಧಿ’ ಎಂಬ ಅಂಟಿಸಿದ ರೂಪಕ್ಕಿಂತ ‘ವರ್ಚಸ್ಸಿನ ಹೆಚ್ಚಳ’ ಎಂದು ಬಿಡಿಸಿ ಬರೆಯುವುದು ಲೇಸು. ‘ಬ್ರಹ್ಮವರ್ಚಸ್ಸು’ ಎಂದು ಕನ್ನಡದಲ್ಲಿ ರೂಢಿಯಾಗಿದೆ. ಸಂಸ್ಕೃತದಲ್ಲಿ ಬ್ರಹ್ಮ, ಹಸ್ತಿ ಎರಡರ ಮುಂದೆ ಮಾತ್ರ ಅದು ಅಕಾರಾಂತವಾಗಿ ‘ವರ್ಚಸ’ ಆಗುತ್ತದೆ (ಪಾಣಿನಿಯ ಸೂತ್ರ 5.4.78), ಹಾಗಾಗಿ ಶ್ಲೋಕ ಉದ್ಧರಿಸುವಾಗ ‘ಬ್ರಹ್ಮವರ್ಚಸಂ’ ಎಂದಿರುವುದನ್ನು ತಿದ್ದಲು ಹೋಗಬೇಡಿ.

ಸುದ್ದಿಮನೆ (ಹಿಂದಿಯಿಂದ ಅನುವಾದ ಮಾಡುವವರಿಗೆ)

ಒಂದು ಎಚ್ಚರಿಕೆ ಸೇರಿಸುತ್ತೇನೆ. ಹಿಂದಿ, ಮರಾಠಿಯ ‘ವರ್ಚಸ್ವ’ ನಮ್ಮ ವರ್ಚಸ್ಸು ಅಲ್ಲ. ಅಲ್ಲಿ ಅದಕ್ಕೆ ಮೇಲುಗೈ, ಪ್ರಾಬಲ್ಯ, ಹಿಡಿತ ಎಂಬ ಅರ್ಥ ನಿಂತುಬಿಟ್ಟಿದೆ. ‘ವರ್ಚಸ್ವ ಕೀ ಲಡಾಯಿ’ ಎಂದರೆ ಎರಡು ಗುಂಪುಗಳು ಪ್ರಾಬಲ್ಯಕ್ಕೆ ಕಾದಾಡುತ್ತಿವೆ ಎಂದು. ಅದನ್ನು ‘ವರ್ಚಸ್ಸಿನ ಹೋರಾಟ’ ಎಂದು ಇಳಿಸಿದರೆ ಪಾತಕಿಗಳಿಗೆ ಸಜ್ಜನಿಕೆಯ ಹೊಳಪು ಕೊಟ್ಟಂತಾಗುತ್ತದೆ, ಏಕೆಂದರೆ ಕನ್ನಡದ ವರ್ಚಸ್ಸಿನಲ್ಲಿ ಜನರ ಮೆಚ್ಚುಗೆ ಸೇರಿದೆ. ಮಾರುಕಟ್ಟೆ ಸುದ್ದಿಯಲ್ಲಿ ‘ಕಂಪನಿ ಕಾ ವರ್ಚಸ್ವ’ ಬಂದರೆ ‘ಕಂಪನಿಯ ಪಾರಮ್ಯ’ ಅಥವಾ ‘ಹಿಡಿತ’ ಬರೆಯಿರಿ. ಯಂತ್ರಾನುವಾದ ಬಳಸುವ ಕಡೆ ಇದನ್ನು ಮೊದಲು ಪರಿಶೀಲಿಸಿ.

ಕನ್ನಡದೊಳಗೇ ಪದ ಸಡಿಲಗೊಂಡಿರುವುದು ಇನ್ನೊಂದು ಕಡೆ: ‘ಸರ್ಕಾರದ ವರ್ಚಸ್ಸಿಗೆ ಧಕ್ಕೆ’, ‘ಇಲಾಖೆಯ ವರ್ಚಸ್ಸು’. ಇಲ್ಲಿ ಅದು ಇಂಗ್ಲಿಷಿನ ‘ಇಮೇಜ್’ಗೆ ಸಂವಾದಿ. ಸಂಸ್ಥೆಗೆ ವರ್ಚಸ್ಸು ಇರಬಹುದೇ?

ಕರಡುತಿದ್ದು

ರೂಢಿ ಒಪ್ಪಿದೆ, ಓದುಗರಿಗೆ ತೊಡಕಾಗಿಲ್ಲ, ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ. ಪುರಸಭೆಯೊಂದು ಕಸ ಎತ್ತದೆ ಕೆಟ್ಟ ಹೆಸರು ತಂದುಕೊಂಡರೆ ಅದು ‘ಹೆಸರಿಗೆ ಕಳಂಕ’. ಕಸ ಎತ್ತುವ ಕಾಲದಲ್ಲೂ ಪುರಸಭೆಗೆ ವರ್ಚಸ್ಸು ಇರಲಿಲ್ಲ, ಇದ್ದದ್ದು ಒಳ್ಳೆಯ ಹೆಸರು. ಹೆಸರು, ಘನತೆ, ಪ್ರತಿಷ್ಠೆ, ವಿಶ್ವಾಸಾರ್ಹತೆ ಇಷ್ಟು ಪದಗಳು ಕೈಯಲ್ಲಿರುವಾಗ ಎಲ್ಲದಕ್ಕೂ ವರ್ಚಸ್ಸನ್ನು ದುಡಿಸಿದರೆ, ನಿಜಕ್ಕೂ ವ್ಯಕ್ತಿಯೊಬ್ಬರ ವಿಷಯ ಬರೆಯುವಾಗ ಅದರಲ್ಲಿ ಸತ್ವ ಉಳಿದಿರುವುದಿಲ್ಲ. ‘ವೈಯಕ್ತಿಕ ವರ್ಚಸ್ಸು’ ಎಂಬ ಜೋಡಿಪದ ಹುಟ್ಟಿದ್ದೇ ಈ ಸಡಿಲಿಕೆಯಿಂದ. ವರ್ಚಸ್ಸು ಮೊದಲೇ ವ್ಯಕ್ತಿಗೆ ಸೇರಿದ್ದು; ಸಂಸ್ಥೆಗೂ ಹಂಚಿದ ಮೇಲೆ ಬೇರ್ಪಡಿಸಲು ‘ವೈಯಕ್ತಿಕ’ ಎಂದು ಮತ್ತೆ ಹಚ್ಚಬೇಕಾಯಿತು.

ಸಮಾಜಪಾಠ

ಪೂರ್ತಿ ಒಪ್ಪಲಾರೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಅಧಿಕಾರದ ಮೂರು ನೆಲೆಗಳನ್ನು ಗುರುತಿಸಿದ: ಪರಂಪರೆಯಿಂದ ಬಂದದ್ದು, ವರ್ಚಸ್ಸಿನಿಂದ ಬಂದದ್ದು, ಕಾನೂನು-ನಿಯಮಗಳಿಂದ ಬಂದದ್ದು. ಅವನು ತೀರಿಕೊಂಡ ಮೇಲೆ 1922ರಲ್ಲಿ ಪ್ರಕಟವಾದ ಬರಹಗಳಲ್ಲಿ ಇದರ ವಿಸ್ತಾರವಾದ ಚರ್ಚೆ ಇದೆ. ಅವನೇ ಹೇಳುವಂತೆ ವ್ಯಕ್ತಿಯ ವರ್ಚಸ್ಸು ಆ ವ್ಯಕ್ತಿಯೊಂದಿಗೆ ಮುಗಿಯುವ ಅಪಾಯ ಇರುವುದರಿಂದ ಅನುಯಾಯಿಗಳು ಅದನ್ನು ಒಂದು ಸ್ಥಾನಕ್ಕೆ ವರ್ಗಾಯಿಸುತ್ತಾರೆ. ಆಮೇಲೆ ಆ ಸ್ಥಾನದಲ್ಲಿ ಕೂತವರಿಗೆ ಅದು ತಾನಾಗಿ ಸಲ್ಲುತ್ತದೆ.

ಕರ್ನಾಟಕದ ಮಠಗಳನ್ನು ನೋಡಿದರೆ ಇದು ಕಣ್ಣಿಗೆ ಕಾಣುತ್ತದೆ. ಪಟ್ಟಾಭಿಷೇಕವಾದ ಮರುದಿನದಿಂದ ಇಪ್ಪತ್ತರ ಹರೆಯದವರಿಗೂ ಎಪ್ಪತ್ತರ ಹಿರಿಯರು ನಮಸ್ಕರಿಸುತ್ತಾರೆ. ಆ ನಮಸ್ಕಾರ ಪೀಠಕ್ಕೆ. ಅದೇ ಮಠದ ಹಿಂದಿನವರು ಅನ್ನ, ಅಕ್ಷರಕ್ಕೆ ದುಡಿದು ಗಳಿಸಿದ್ದು ವ್ಯಕ್ತಿಯ ವರ್ಚಸ್ಸು. ಎರಡನ್ನೂ ಬೇರ್ಪಡಿಸಿ ಬರೆಯಲು ‘ಪೀಠದ ವರ್ಚಸ್ಸು’, ‘ಸ್ವಂತ ವರ್ಚಸ್ಸು’ ಎಂದು ಬಳಸಿದರೆ ಸಾಕು. ಆದ್ದರಿಂದ ಸ್ಥಾನಕ್ಕೆ ವರ್ಚಸ್ಸು ಇರಬಹುದು. ಪುರಸಭೆಗೆ ಇಲ್ಲ ಎಂಬುದು ಸರಿ, ಅದರ ಅಧಿಕಾರ ಮೂರನೆಯ ಬಗೆಯದು.

ಪಠ್ಯ ಬರೆಯುವವರಿಗೆ: ‘ವರ್ಚಸ್ವೀ ಅಧಿಕಾರ’ ಎಂದರೆ ಅಧಿಕಾರವೇ ಹೊಳೆಯುತ್ತದೆ ಎಂಬ ಅರ್ಥ ಬಂದುಬಿಡುತ್ತದೆ. ‘ವರ್ಚಸ್ಸನ್ನು ಆಧರಿಸಿದ ಅಧಿಕಾರ’ ಉದ್ದವಾದರೂ ವಿದ್ಯಾರ್ಥಿಗೆ ಸ್ಪಷ್ಟ.

ಮಲಪ್ರಭಾ

ಬಯಲುಸೀಮೆಯ ಮಾತು ಬಿಟ್ಟೇ ಚರ್ಚೆ ಮುಂದೆ ಹೋಗ್ತಾ ಐತಿ, ಅದಕ್ಕ ಬರೀತೀನಿ.

ನಮ್ಮ ಕಡೆ ಆಡುಮಾತಿನ್ಯಾಗ ವರ್ಚಸ್ಸು ಅನ್ನೋದು ಕಡಿಮಿ. ಊರಾಗಿನ ಹಿರೇರ ಬಗ್ಗೆ ‘ಅವರ ಮಾತಿಗೆ ವಜನ ಐತಿ’ ಅಂತೀವಿ. ವಜನ ಅಂದರ ತೂಕ, ಅರಬ್ಬಿಯಿಂದ ಬಂದದ್ದು. ಮೈಸೂರು ಕಡೆ ‘ಮಾತಿಗೆ ತೂಕ ಇದೆ’ ಅನ್ನೋದೂ ಇದನ್ನ. ಕಲಬುರಗಿ ಕಡೆ ‘ಅವರ ಮಾತು ಊರಾಗ ನಡಿತದ’. ಮೂರೂ ಕಡೆ ಪ್ರಮಾಣ ಒಂದ: ಪಂಚಾಯ್ತಿಗೆ ಕೂತಾಗ ಅವರು ಹೇಳಿದ್ದಕ್ಕ ಎರಡೂ ಪಾಳೇದವರು ತಲಿ ಬಾಗಸ್ತಾರೋ ಇಲ್ಲೋ. ರೂಪ, ಉಡುಪು, ದನಿ ಯಾವುದೂ ಲೆಕ್ಕಕ್ಕಿಲ್ಲ.

ಗತ್ತು ಬ್ಯಾರೆ. ಗತ್ತು ಹೊಗಳಿಕೆನೂ ಹೌದು, ತೆಗಳಿಕೆನೂ ಹೌದು. ಹಾಡಿಗೂ ಗತ್ತು ಐತಿ, ಕುಣಿತಕ್ಕೂ ಐತಿ, ಅಲ್ಲಿ ಅದು ಲಯದ ಬಿಗಿ. ಮನಶಾನ ಗತ್ತಿನ್ಯಾಗೂ ಆ ಬಿಗಿ ಇದ್ದರ ಹೊಗಳಿಕಿ. ‘ಗತ್ತು ಮಾಡಬ್ಯಾಡ’ ಅಂದ್ರ ಬೈಗುಳ. ‘ಗತ್ತು ಗೈರತ್ತು’ ಅಂತ ಜೋಡಿ ಬಂದರ ಬಹುಮಟ್ಟಿಗೆ ಮೆಚ್ಚುಗಿ. ಗೈರತ್ತು ಅರಬ್ಬಿ ಮೂಲದ್ದು, ತನ್ನ ಮಾನಕ್ಕ ಕುಂದು ಬರಗೊಡದ ರೋಷ ಅಂತ ಅರ್ಥ. ಅದರ ಮುಂದಿನ ಮೆಟ್ಟಿಲು ‘ದೌಲತ್ತು’. ಮೂಲದಾಗ ಅದು ಸಂಪತ್ತು, ರಾಜ್ಯ. ಕನ್ನಡಕ್ಕ ಬಂದ ಮ್ಯಾಲ ರೊಕ್ಕದ, ಅಧಿಕಾರದ ಸೊಕ್ಕು ಆತು. ‘ನಿನ್ನ ದೌಲತ್ತು ನಿನ್ನ ಮನ್ಯಾಗ ಇಟ್ಕೋ’ ಅಂದರ ಅಲ್ಲಿ ಮೆಚ್ಚುಗಿ ಒಂದು ಹನಿನೂ ಇಲ್ಲ. ಸಂಭಾಷಣಿ ಬರೆಯೋರು ಗತ್ತು ಇರೋ ಕಡೆ ದೌಲತ್ತು ಹಾಕಿದರ ಪಾತ್ರನ ಕೆಟ್ಟುಹೋಗ್ತದ.

‘ಕಳೆ’ಗೆ ನಮ್ಮಲ್ಲಿ ‘ಕಳಾ’. ‘ಮಾರಿ ಮ್ಯಾಲ ಕಳಾನ ಇಲ್ಲ’ ಅಂದರ ಆ ಮನಶಾಗ ಏನೋ ಕಷ್ಟ ಐತಿ ಅಂತ.

ಶಬ್ದಮೂಲ

ಕಳೆಯ ಮೂಲ ‘ಕಲಾ’, ಚಂದ್ರನ ಹದಿನಾರರಲ್ಲಿ ಒಂದು ಪಾಲು. ಏರುವುದು, ಕುಂದುವುದು ಎಂಬ ಕ್ರಿಯಾಪದಗಳು ಅದಕ್ಕೆ ಅಲ್ಲಿಂದಲೇ ಅಂಟಿಕೊಂಡಿವೆ. ರಾಜಕಳೆ, ಲಕ್ಷ್ಮೀಕಳೆ, ಪ್ರೇತಕಳೆ ಎಂದು ಹಿಂದೆ ವಿಶೇಷಣ ಬೇಡುವ ಗುಣವೂ ಅದಕ್ಕಿದೆ. ಬರೀ ಕಳೆ ಎಂದರೆ ಒಳ್ಳೆಯದೇ, ಪ್ರೇತಕಳೆಯೊಂದೇ ಕೆಟ್ಟದ್ದು. ಮನುಷ್ಯರಿಗೆ ಮಾತ್ರವಲ್ಲ, ಸಂದರ್ಭಕ್ಕೂ ಸಲ್ಲುತ್ತದೆ: ಮದುವೆಮನೆ ಕಳೆಗಟ್ಟಿತು, ಸಂಗೀತ ಕಚೇರಿ ಮೊದಲ ವರ್ಣಕ್ಕೇ ಕಳೆಗಟ್ಟಿತು. ಇಲ್ಲಿ ‘ವರ್ಚಸ್ಸು’ ಹಾಕಿ ನೋಡಿ, ವಾಕ್ಯವೇ ನಿಲ್ಲುವುದಿಲ್ಲ. ಹೊಲದ ಕಳೆ (ಬೇಡದ ಗಿಡ) ಬೇರೆಯೇ ಪದ, ಅಚ್ಚಕನ್ನಡದ್ದು. ‘ಕಳೆ ತೆಗೆ’ ಎಂದರೆ ಅದು, ‘ಕಳೆ ಬಂತು’ ಎಂದರೆ ಇದು. ‘ಕಳೆ ತುಂಬಿದೆ’ ಎಂಬಲ್ಲಿ ಮಾತ್ರ ಸಂದಿಗ್ಧ, ಅಲ್ಲಿ ‘ಮುಖದಲ್ಲಿ’ ಎಂದು ಸೇರಿಸಿ.

ತೇಜಸ್ಸು, ಓಜಸ್ಸು, ಪ್ರಭಾವ ಈ ಮೂರನ್ನೂ ಚುಟುಕಾಗಿ ಹೇಳಿಬಿಡುತ್ತೇನೆ.

ತೇಜಸ್ಸಿನ ಧಾತು ‘ತಿಜ್’, ಹರಿತ ಮಾಡು ಎಂದು. ಆ ಹರಿತ ಇನ್ನೂ ಉಳಿದಿದೆ. ನಾಟ್ಯಶಾಸ್ತ್ರ ನಾಯಕನ ಎಂಟು ಸಾತ್ತ್ವಿಕ ಗುಣಗಳಲ್ಲಿ ತೇಜಸ್ಸನ್ನು ಎಣಿಸುತ್ತದೆ. ನಾಟಕದ ಲಕ್ಷಣ ಹೇಳುವ ದಶರೂಪಕ ಗ್ರಂಥದಂತೆ ಅದು ಪ್ರಾಣ ಹೋದರೂ ಅವಮಾನ ಸಹಿಸದಿರುವುದು. ಅದೇ ಪಟ್ಟಿಯಲ್ಲಿರುವ ಗಾಂಭೀರ್ಯ ಇದಕ್ಕೆ ಎದುರು: ಒಳಗೆ ಏನೇ ನಡೆದರೂ ಮುಖದಲ್ಲಿ ವಿಕಾರ ಕಾಣದಿರುವುದು. ನಿಮ್ಮ ಅಜ್ಜಿ ಸದ್ದಿಲ್ಲದೆ ನಿಂತಿದ್ದರೆ ಗಾಂಭೀರ್ಯ, ಕಣ್ಣಲ್ಲಿ ಕೆರಳಿದ ಕಿಡಿ ಇದ್ದರೆ ತೇಜಸ್ಸು.

ಪ್ರಭಾವಕ್ಕೆ ಅಮರಕೋಶದ ವ್ಯಾಖ್ಯೆ ಬಲು ಖಚಿತ: ‘ಸ ಪ್ರತಾಪಃ ಪ್ರಭಾವಶ್ಚ ಯತ್ತೇಜಃ ಕೋಶದಂಡಜಮ್’. ಬೊಕ್ಕಸ ಮತ್ತು ಸೈನ್ಯದಿಂದ ಹುಟ್ಟಿದ ತೇಜಸ್ಸು. ಕನ್ನಡದ ‘ಪ್ರಭಾವಿ’ ಎಂಬ ಪದ ಇವತ್ತಿಗೂ ಅದೇ ವಾಸನೆ ಹೊತ್ತಿದೆ. ‘ಪ್ರಭಾವಿ ವ್ಯಕ್ತಿಯ ಮಗ’ ಎಂದು ಅಪರಾಧ ಸುದ್ದಿಯಲ್ಲಿ ಬಂದಾಗ ಹಣ, ಹುದ್ದೆ ಎಂದೇ ಓದುಗರು ತಿಳಿಯುತ್ತಾರೆ. ಅಲ್ಲಿ ‘ವರ್ಚಸ್ವಿ ವ್ಯಕ್ತಿಯ ಮಗ’ ಎಂದು ಬರೆಯಲಾಗದು.

ಓಜಸ್ಸು ದೇಹದ್ದು ಮತ್ತು ಮಾತಿನದು. ಆಯುರ್ವೇದದ ಸುಶ್ರುತಸಂಹಿತೆಯ ಪ್ರಕಾರ ರಸದಿಂದ ಶುಕ್ರದವರೆಗೆ ದೇಹವನ್ನು ಕಟ್ಟುವ ಏಳು ಧಾತುಗಳ ಸಾರವೇ ಓಜಸ್ಸು. ಕಾವ್ಯದಲ್ಲಿ, ಸಂಸ್ಕೃತದ ಲಾಕ್ಷಣಿಕ ದಂಡಿಯ ಪ್ರಕಾರ, ಸಮಾಸಗಳ ದಟ್ಟಣೆಯೇ ಓಜಸ್ಸು, ಗದ್ಯದ ಜೀವ ಅದು. ಹೀಗಾಗಿ ‘ಓಜಸ್ವಿ ಭಾಷಣ’ ಸರಿ, ‘ಓಜಸ್ವಿ ನೋಟ’ ಸರಿಯಲ್ಲ. ನೋಟಕ್ಕೆ ತೇಜಸ್ಸು ಬೇಕು.

ಮದ್ದುಮಾತು

ಆಯುರ್ವೇದ ಗ್ರಂಥ ಅನುವಾದಿಸುವವರು ಗಮನಿಸಿ: ಅಲ್ಲಿ ‘ವರ್ಚಸ್’ ಎಂದರೆ ಮಲ. ‘ಗಾಢವರ್ಚಸ್’ ಎಂದಿದ್ದರೆ ಗಟ್ಟಿ ಮಲ, ಮಲಬದ್ಧತೆ. ಅಜೀರ್ಣ, ಅತಿಸಾರ (ಭೇದಿ), ಅರ್ಶಸ್ಸಿನ (ಮೂಲವ್ಯಾಧಿ) ಪ್ರಕರಣದಲ್ಲಿ ಈ ಪದ ಬಂದರೆ ‘ಕಾಂತಿ’ ಎಂದು ಬರೆಯಬಾರದು. ಚರ್ಮ, ರಸಾಯನ, ಬಲದ ಪ್ರಕರಣದಲ್ಲಿ ಕಾಂತಿ ಎಂಬರ್ಥ ಬರಬಹುದು, ಆದರೆ ಅಲ್ಲಿ ಹೆಚ್ಚಾಗಿ ವರ್ಣ, ಪ್ರಭಾ, ಛಾಯಾ ಎಂಬ ಬೇರೆ ಪದಗಳಿರುತ್ತವೆ. ಪ್ರಕರಣ ನೋಡದೆ ನಿಘಂಟಿನ ಮೊದಲ ಅರ್ಥ ಇಳಿಸುವುದರಿಂದ ರೋಗಿಗೆ ಕೊಡುವ ಸೂಚನೆಯೇ ತಲೆಕೆಳಗಾಗುತ್ತದೆ.

ಇನ್ನೊಂದು, ‘ಆರಾ’ ವೈದ್ಯಕೀಯ ಪದವೂ ಹೌದು. ಅರೆತಲೆನೋವಿಗೆ (ಮೈಗ್ರೇನ್) ಮುಂಚೆ ಕೆಲವರಿಗೆ ಕಣ್ಣಮುಂದೆ ಅಂಕುಡೊಂಕು ಗೆರೆ, ಮಿನುಗು, ಕುರುಡು ಚುಕ್ಕೆ ಕಾಣುತ್ತವೆ. ಸಾಮಾನ್ಯವಾಗಿ 5 ನಿಮಿಷದಿಂದ 60 ನಿಮಿಷದವರೆಗೆ ಇರುತ್ತವೆ. ಇದನ್ನು ‘ಪ್ರಭಾವಳಿ’ ಎಂದು ಅನುವಾದಿಸಿದರೆ ರೋಗಿಗೆ ಏನೂ ತಿಳಿಯದು. ‘ಮುನ್ಸೂಚನೆ’ ಎಂದರೂ ತೊಡಕಿದೆ, ಏಕೆಂದರೆ ತಲೆನೋವಿಗೆ ಒಂದೆರಡು ದಿನ ಮೊದಲೇ ಬರುವ ಆಕಳಿಕೆ, ಸಿಡುಕು, ಕತ್ತುನೋವು ಬೇರೆಯ ಹಂತ, ಮುನ್ಸೂಚನೆ ಎಂಬ ಹೆಸರು ಅದಕ್ಕೆ ಹೊಂದುತ್ತದೆ. ‘ಆರಾ’ ಎಂದೇ ಉಳಿಸಿ, ಮೊದಲ ಸಲ ಬಂದಲ್ಲಿ ಏನು ಕಾಣುತ್ತದೆ ಎಂದು ಒಂದು ವಾಕ್ಯ ಬರೆಯಿರಿ. ಮೂರ್ಛೆರೋಗದಲ್ಲೂ ಆರಾ ಇದೆ. ಅಲ್ಲಿ ಅದು ಬರಿಯ ಸೂಚನೆಯಲ್ಲ, ಮಿದುಳಿನ ಒಂದು ಭಾಗದಲ್ಲಿ ಆಗಲೇ ಶುರುವಾದ ಸೆಳವು.

ಕಡಲತಡಿ

ಪ್ರಭಾವಳಿ ಪದವನ್ನು ಮನುಷ್ಯರ ‘ಆರಾ’ಕ್ಕೆ ಬಳಸುವುದು ಹೆಚ್ಚುತ್ತಿದೆ, ಅದಕ್ಕೆ ಒಂದು ಮಾತು. ಪ್ರಭಾವಳಿ ಒಂದು ವಸ್ತು. ಮೂರ್ತಿಯ ಹಿಂದೆ ನಿಲ್ಲಿಸುವ ಕಮಾನು. ಶಿಲೆ, ಕಂಚು, ಹಿತ್ತಾಳೆ, ಬೆಳ್ಳಿಯಲ್ಲಿ ಮಾಡುತ್ತಾರೆ. ನೆತ್ತಿಯಲ್ಲಿ ಕೀರ್ತಿಮುಖ, ಇಕ್ಕೆಲದಲ್ಲಿ ಮಕರ ಇರುವುದು ಸಾಮಾನ್ಯ. ಲೋಹದ್ದಾದರೆ ಮೂರ್ತಿಯಿಂದ ಬೇರ್ಪಡಿಸಿ ತೊಳೆಯಲೂಬಹುದು. ಮನುಷ್ಯರಿಗೆ ಬಳಸಬೇಕಾದರೆ ‘ಪ್ರಭೆ’ ಅಥವಾ ‘ಪ್ರಭಾವಲಯ’ ಸಾಕು. ಚಂದ್ರನ ಸುತ್ತಲಿನ ಬಳೆಗೆ ‘ಪರಿವೇಷ’ ಎಂಬ ಪದ ಇದೆ, ಅದನ್ನು ಅಲ್ಲಿಗೇ ಬಿಡುವ.

ಕರಾವಳಿಯಲ್ಲಿ ದೈವಕ್ಕೆ ‘ಕಾರ್ಣಿಕ’ ಇದೆ ಎನ್ನುತ್ತಾರೆ, ತುಳುವಿನಲ್ಲೂ ಅದೇ. ಹರಕೆ ಹೇಳಿದರೆ ಫಲ ಕಾಣಬೇಕು, ತಪ್ಪಿ ನಡೆದರೆ ಎಚ್ಚರಿಸಬೇಕು, ಆಗ ‘ಕಾರ್ಣಿಕದ ದೈವ’. ಕಣ್ಣಿಗೆ ಕಾಣುವ ಹೊಳಪಿನ ಮಾತೇ ಅಲ್ಲಿಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರ್ಣಿಕ ಎಂದರೆ ಬೇರೆ: ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಜನರನ್ನು ಸುಮ್ಮನಾಗಿಸಿ ನುಡಿಯುವ ವರ್ಷದ ಭವಿಷ್ಯವಾಣಿ. ಎರಡೂ ಕಡೆಯ ಓದುಗರಿರುವ ಪತ್ರಿಕೆಯಲ್ಲಿ ‘ಕಾರ್ಣಿಕ’ ಎಂದು ಬರೆದರೆ ಒಂದು ಪದದಷ್ಟಾದರೂ ವಿವರಣೆ ಬೇಕು: ‘ಕಾರ್ಣಿಕ ನುಡಿ’ ಅಥವಾ ‘ದೈವದ ಕಾರ್ಣಿಕ’.

ದೇವರಿಗೆ ‘ಸಾನ್ನಿಧ್ಯ’. ಬ್ರಹ್ಮಕಲಶದ ಆಮಂತ್ರಣಗಳಲ್ಲಿ ‘ಸಾನ್ನಿಧ್ಯ ವೃದ್ಧಿ’ ಎಂದು ಓದಿರುತ್ತೀರಿ. ಸಾನ್ನಿಧ್ಯ ಹೆಚ್ಚಬಹುದು, ಕ್ಷೀಣಿಸಬಹುದು, ಪೂಜೆಯಲ್ಲಿ ಲೋಪವಾದರೆ ಹೋಗಿಬಿಡಬಹುದು. ‘ಸಾನಿಧ್ಯ’ ಎಂದು ಒತ್ತಿಲ್ಲದೆ ಅಚ್ಚಾಗುವುದೇ ಹೆಚ್ಚು. ಸಂ-ನಿ ಸೇರಿ ‘ಸನ್ನಿಧಿ’, ಅದರಿಂದ ‘ಸಾನ್ನಿಧ್ಯ’, ಆದ್ದರಿಂದ ನ-ಕಾರಕ್ಕೆ ಒತ್ತು ಬೇಕೇ ಬೇಕು. ಆಮಂತ್ರಣ ಪತ್ರಿಕೆಯಲ್ಲಿ ‘ದಿವ್ಯ ಸಾನ್ನಿಧ್ಯ’ವನ್ನು ಮಠಾಧಿಪತಿಗಳ ಹೆಸರಿನ ಮೇಲೆ ಮಾತ್ರ ಹಾಕುವುದು ಪದ್ಧತಿ. ಶಾಸಕರಿಗೆ, ಅಧಿಕಾರಿಗಳಿಗೆ ‘ಉಪಸ್ಥಿತಿ’. ಸಭೆಗೆ ಯಾರು ಬಂದಿದ್ದರು ಎಂದು ತಿಳಿಸಲು ಉಪಸ್ಥಿತಿ ಸಾಕು, ಅದರಲ್ಲಿ ವ್ಯಕ್ತಿಯ ತೂಕದ ಸೂಚನೆ ಏನೂ ಇಲ್ಲ. ಹಾಗಾಗಿ ‘ಎಂಥಾ ಪ್ರೆಸೆನ್ಸ್’ ಎಂಬುದಕ್ಕೆ ‘ಎಂಥಾ ಉಪಸ್ಥಿತಿ’ ಬರೆದರೆ ಅದು ಹಾಜರಿ ಪುಸ್ತಕದ ಮಾತು.

ರಂಗಕ್ಕೆ ಬಂದರೆ ಯಕ್ಷಗಾನ ಪ್ರೇಕ್ಷಕರ ಮಾತು ಚೆನ್ನಾಗಿದೆ: ‘ರಂಗ ತುಂಬುವ ವೇಷ’. ಒಬ್ಬನೇ ನಿಂತರೂ ರಂಗಸ್ಥಳ ಖಾಲಿ ಕಾಣಬಾರದು. ಎತ್ತರದ ಕಿರೀಟ, ಅಗಲದ ವೇಷಭೂಷಣ ಇದಕ್ಕೆ ನೆರವಾಗುತ್ತವೆ, ಆದರೆ ಅಷ್ಟೇ ಇದ್ದರೆ ಪದ್ಯ ಮುಗಿದು ಅರ್ಥ (ಪಾತ್ರದ ಮಾತುಗಾರಿಕೆ) ಶುರುವಾದ ಕೂಡಲೇ ರಂಗ ಬರಿದಾಗುತ್ತದೆ. ನಿಲ್ಲುವ ಜಾಗ, ಮಾತಿಗೂ ಮಾತಿಗೂ ನಡುವಿನ ಬಿಡುವು, ಚೆಂಡೆ ನಿಂತ ಮೇಲೂ ಕದಲದ ನಿಲುವು, ಇವು ಸೇರಿ ರಂಗ ತುಂಬುತ್ತದೆ. ‘ಸ್ಟೇಜ್ ಪ್ರೆಸೆನ್ಸ್’ ಎಂಬುದಕ್ಕೆ ನಾಟಕ ವಿಮರ್ಶೆಯಲ್ಲೂ ಇದನ್ನು ಧಾರಾಳವಾಗಿ ಬಳಸಬಹುದು: ‘ಅವರ ಪಾತ್ರ ರಂಗ ತುಂಬಿತು.’

ಸುದ್ದಿಮನೆ

‘ತೇಜೋವಧೆ’ ಬಗ್ಗೆಯೂ ಯಾರಾದರೂ ಬರೆಯಿರಿ. ‘ನನ್ನ ತೇಜೋವಧೆ ಮಾಡಲಾಗುತ್ತಿದೆ’ ಎಂಬ ಹೇಳಿಕೆ ವಾರಕ್ಕೊಂದು ಬರುತ್ತದೆ. ಮಾನಹಾನಿ ಎಂದು ಬದಲಿಸಬಹುದೇ?

ಶಬ್ದಮೂಲ

ಬದಲಿಸಬೇಡಿ, ಎರಡೂ ಬೇರೆ. ತೇಜೋವಧೆ ಮಹಾಭಾರತದ ಪದ. ಉದ್ಯೋಗಪರ್ವದಲ್ಲಿ ಯುಧಿಷ್ಠಿರ ಶಲ್ಯನನ್ನು ಕೇಳುವುದು ಇದನ್ನೇ: ಕರ್ಣನಿಗೆ ಸಾರಥಿಯಾಗುವ ಹೊತ್ತು ಬಂದರೆ ಅವನ ತೇಜೋವಧೆ ಮಾಡು. ಕರ್ಣಪರ್ವದಲ್ಲಿ ಶಲ್ಯ ಅದನ್ನು ನಡೆಸುತ್ತಾನೆ, ಹಂಸದೊಡನೆ ಹಾರಾಟಕ್ಕೆ ನಿಂತು ಸೋತ ಕಾಗೆಯ ಕತೆ ಹೇಳುತ್ತಾನೆ. ಗಮನಿಸಬೇಕಾದದ್ದು, ಆ ಮಾತುಗಳ ಗುರಿ ಕೇಳುವ ಸೈನ್ಯವಲ್ಲ, ಕರ್ಣನೇ. ಅವನ ಒಳಗಿನ ಬಲ ಕುಗ್ಗಬೇಕು. ಇಂದಿನ ಬಳಕೆಯಲ್ಲಿ ಅದು ಸಾರ್ವಜನಿಕವಾಗಿ ಹೆಸರು ಕೆಡಿಸುವುದು ಎಂದಾಗಿದೆ. ಪದೇ ಪದೇ, ಉದ್ದೇಶಪೂರ್ವಕವಾಗಿ ಎಂಬ ಛಾಯೆ ಉಳಿದಿದೆ. ಒಂದೇ ಸುಳ್ಳು ಆರೋಪಕ್ಕೆ ತೇಜೋವಧೆ ಎನ್ನುವುದು ಅತಿ.

ಮಾನಹಾನಿ, ಮಾನನಷ್ಟ ಕಾನೂನಿನ ಪದಗಳು. ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಂ ಅದಕ್ಕೆ ಸಂಬಂಧಿಸಿದ್ದು (2024ರ ಜುಲೈ 1ಕ್ಕೆ ಮೊದಲು ದಂಡ ಸಂಹಿತೆಯ 499, 500). ನ್ಯಾಯಾಲಯದ ವರದಿಯಲ್ಲಿ ‘ತೇಜೋವಧೆ ಮೊಕದ್ದಮೆ’ ಎಂದು ಬರೆದರೆ ಅಂಥ ಮೊಕದ್ದಮೆಯೇ ಇಲ್ಲ. ಹೇಳಿಕೆಯಲ್ಲಿ ಅವರು ಆಡಿದ ಪದವನ್ನು ಹಾಗೇ ಉಳಿಸಿ, ಪ್ರಕರಣದ ವಿವರದಲ್ಲಿ ‘ಮಾನನಷ್ಟ ಮೊಕದ್ದಮೆ’ ಬರೆಯಿರಿ.

ಉಪಶೀರ್ಷಿಕೆ

ಎಲ್ಲರಿಗೂ ವಂದನೆ. (ಆ) ಬಗೆಹರಿಯಿತು. (ಅ) ಮತ್ತು (ಇ)ಗೆ ಸಾಲು ಹೇಗಿರಬೇಕು? ಕಾಲೇಜು ಹುಡುಗರ ಬಾಯಲ್ಲಿ ‘ಆರಾ’ವನ್ನೇ ಕನ್ನಡ ಲಿಪಿಯಲ್ಲಿ ಉಳಿಸಿದರೆ ತಪ್ಪೇ?

ಮಲಪ್ರಭಾ

ಉಳಿಸಿದರ ತಪ್ಪೇನಿಲ್ಲ, ಹುಡುಗರು ಹಾಂಗ ಮಾತಾಡ್ತಾರ. ಆದರ ನೋಡೋರು ಎಲ್ಲಾ ವಯಸ್ಸಿನವರು. ‘ಅವನ ಗತ್ತು ನೋಡೋ’ ಅಂದರ ಅಜ್ಜಗೂ ತಿಳೀತದ, ಮೊಮ್ಮಗಗೂ ತಿಳೀತದ. ಅವನು ಕಾಲೇಜಿಗೆಲ್ಲಾ ಗೊತ್ತಿರೋ ಹುಡುಗ ಆಗಿದ್ದರ ‘ಅವಂದ ಹವಾ’. ಒಬ್ಬನ ನಡಿಗಿ ನೋಡಿ ಆಡಿದ ಮಾತಾದ್ದರಿಂದ ಇಲ್ಲಿ ಗತ್ತು.

ಶಬ್ದಮೂಲ

ಹವಾ ಬಗ್ಗೆ ಒಂದು ಸೇರ್ಪಡೆ: ‘ಆರಾ’ ಗ್ರೀಕ್ ಮೂಲದ್ದು, ಅಲ್ಲಿ ಅದರ ಅರ್ಥ ತಂಗಾಳಿ. ‘ಊರಲ್ಲಿ ಅವನದೇ ಹವಾ’ ಎನ್ನುವವರು ಗೊತ್ತಿಲ್ಲದೆ ಅದರ ಮೂಲಾರ್ಥಕ್ಕೇ ಬಂದಿದ್ದಾರೆ.

ಕರಡುತಿದ್ದು

(ಅ)ಗೆ ನಾಮಪದ ಹುಡುಕುವ ಹಟ ಬಿಡಿ. ಅಜ್ಜಿ ಬಂದಳು, ಮನೆ ಸುಮ್ಮನಾಯಿತು, ಅದು ಪರದೆಯ ಮೇಲೆ ಆಗಲೇ ಕಾಣುತ್ತಿದೆ. ಕನ್ನಡದ ಮನೆಯಲ್ಲಿ ಆ ಹೊತ್ತಿಗೆ ಯಾರೂ ‘ಎಂಥಾ ಗಾಂಭೀರ್ಯ!’ ಎಂದು ಪಿಸುಗುಟ್ಟುವುದಿಲ್ಲ. ಪಿಸುಗುಟ್ಟುವವಳು ಸೊಸೆಯಾದರೆ ‘ಅತ್ತೆ ಬಂದು ನಿಂತ್ರೆ ಸಾಕು ನೋಡಿ’, ಹೊರಗಿನವರಾದರೆ ‘ಆಯಮ್ಮ ನಿಂತ್ರೇ ಸಾಕು’. ಎರಡು ಸಾಲೂ ಬೇಕಾಗಿಲ್ಲ, ಒಂದರಲ್ಲಿ ಮುಗಿಯುತ್ತದೆ. ಅದೇ ಅಜ್ಜಿಯ ಬಗ್ಗೆ ಮುಂದಿನ ದೃಶ್ಯದಲ್ಲಿ ಊರವರು ಮಾತಾಡುವುದಿದ್ದರೆ ಆಗ ‘ಆಯಮ್ಮನ ಮಾತಿಗೆ ತೂಕ ಇದೆ’ ಎಂದು ತನ್ನಿ.